ಮೀಟರ್ ಕೆಟ್ಟಿದೆಯಾ, ಕಾಲು ದಣಿದಿದೆಯಾ? ಸೈಕಲ್ ಪವರ್ ಮೀಟರ್ ದೋಷ ಹುಡುಕುವ ಕೈಪಿಡಿ

ಹೋದ ವಾರ 200 ವ್ಯಾಟ್‌ನಲ್ಲಿ ಆರಾಮಾಗಿ ಹತ್ತಿದ್ದ ಏರು, ಈ ವಾರ 170 ವ್ಯಾಟ್‌ಗೇ ಏದುಸಿರು ತರಿಸುತ್ತದೆ. ತುಳಿಯುವ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುವ ಪವರ್ ಮೀಟರ್ ಹಾಕಿಸಿಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಹೀಗಾಗುತ್ತದೆ. ಆಗ ಹೆಚ್ಚಿನವರು ಗಾಬರಿಯಿಂದ ಎಲ್ಲವನ್ನೂ ಒಟ್ಟಿಗೆ ಮಾಡಿಬಿಡುತ್ತಾರೆ. ಸೆಲ್ ಬದಲಾಯಿಸುತ್ತಾರೆ, ಫರ್ಮ್‌ವೇರ್ ಅಪ್‌ಡೇಟ್ ಹಾಕುತ್ತಾರೆ, ಸೆನ್ಸರ್ ಅಳಿಸಿ ಮತ್ತೆ ಪೇರ್ ಮಾಡುತ್ತಾರೆ, ಪೆಡಲ್ ಬಿಚ್ಚಿ ಬಿಗಿ ಮಾಡುತ್ತಾರೆ. ಸರಿಹೋದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಹೋಗದಿದ್ದರೆ ಹೊಸದಾಗಿ ಏನು ಕೆಟ್ಟಿತು ಅನ್ನುವುದೂ ಗೊತ್ತಾಗುವುದಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಬರೆದಿಡಿ. ಈ ಕೈಪಿಡಿಯಲ್ಲಿ ಬೇರೆ ಯಾವುದನ್ನು ಮರೆತರೂ ಇದನ್ನು ಮರೆಯಬೇಡಿ.

ತೊಂದರೆ ಯಾವ ಜಾತಿಯದು ಅಂತ ಮೊದಲು ಗುರುತಿಸಿಕೊಳ್ಳಿ. ಸಂಖ್ಯೆ ಬರುತ್ತಲೇ ಇಲ್ಲವಾ? ಬಂದು ಬಂದು ಹೋಗುತ್ತದಾ? ಅಥವಾ ಸರಿಯಾಗಿ ಬರುತ್ತಿದ್ದರೂ ನಂಬುವ ಹಾಗಿಲ್ಲವಾ? ಮೊದಲೆರಡು ಬಹುಪಾಲು ಸೆಲ್ ಮತ್ತು ರೇಡಿಯೊ ಸಿಗ್ನಲ್‌ನ ತೊಂದರೆಗಳು. ಮೂರನೆಯದು ಸೊನ್ನೆ (ಕಾಲಿನ ಭಾರ ಇಲ್ಲದಾಗಿನ ಓದು), ಸೆಟ್ಟಿಂಗ್ ಮತ್ತು ನಟ್ಟು ಬೋಲ್ಟಿನದು. ಮೂರನೆಯದಕ್ಕೇ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ. ಸಂಖ್ಯೆ ಬರದಿದ್ದರೆ ನಿಮಗೆ ತಕ್ಷಣ ತಿಳಿಯುತ್ತದೆ. ತಪ್ಪು ಸಂಖ್ಯೆ ಮಾತ್ರ ತಿಂಗಳುಗಟ್ಟಲೆ ನಿಮ್ಮ ತರಬೇತಿಯನ್ನು ಸದ್ದಿಲ್ಲದೆ ಹಾಳು ಮಾಡುತ್ತದೆ.

ಒಳಗೆ ಏನು ನಡೆಯುತ್ತದೆ

ಜರ್ಮನಿಯ ಇಂಜಿನಿಯರ್ ಉಲ್ರಿಚ್ ಶೋಬರರ್ 1986ರಲ್ಲಿ ಎಸ್‌ಆರ್‌ಎಂ ಕಂಪನಿ ಶುರು ಮಾಡಿ, ಪೆಡಲ್ ಕೂರುವ ತೋಳಿನ ಜೋಡಣೆಯಾದ ಕ್ರ್ಯಾಂಕ್‌ನೊಳಗೆ ಸ್ಟ್ರೇನ್ ಗೇಜ್ ಕೂರಿಸಿದರು. ಇವತ್ತಿನ ಮೀಟರ್‌ಗಳಲ್ಲಿ ಬಹುಪಾಲು ಅದೇ ತತ್ವದ ಮೇಲೆ ನಡೆಯುತ್ತವೆ. ನೀವು ತುಳಿದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ಗೇಜ್‌ನ ವಿದ್ಯುತ್ ರೋಧ ಅಷ್ಟೇ ಸಣ್ಣದಾಗಿ ಬದಲಾಗುತ್ತದೆ. ಮೀಟರ್ ಅದರಿಂದ ಟಾರ್ಕ್ (ತಿರುಗಿಸುವ ಬಲ) ಲೆಕ್ಕ ಹಾಕಿ, ಕಾಲು ತಿರುಗುವ ವೇಗದಿಂದ ಗುಣಿಸುತ್ತದೆ. ಬರುವ ಉತ್ತರವೇ ವ್ಯಾಟ್. ನಿಮಿಷಕ್ಕೆ 90 ಸುತ್ತಿನಲ್ಲಿ 250 ವ್ಯಾಟ್ ಬೇಕೆಂದರೆ ಸುಮಾರು 26.5 ನ್ಯೂಟನ್ ಮೀಟರ್ ಟಾರ್ಕ್ ಬೇಕು.

ಪವರ್ ತಪ್ಪಾಗಿದ್ದರೆ ಟಾರ್ಕ್ ತಪ್ಪಿರಬೇಕು, ಇಲ್ಲವೇ ಕೇಡೆನ್ಸ್ (ನಿಮಿಷಕ್ಕೆ ಕಾಲು ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು) ತಪ್ಪಿರಬೇಕು. ಆದ್ದರಿಂದ ಮೊದಲು ಕೇಡೆನ್ಸ್ ನೋಡಿ. ಮೊಬೈಲ್‌ನಲ್ಲಿ ಅರ್ಧ ನಿಮಿಷ ಟೈಮರ್ ಹಾಕಿ, ಬಲ ಮೊಣಕಾಲು ಎಷ್ಟು ಸಲ ಮೇಲೆ ಬಂತು ಎಣಿಸಿ, ಎರಡರಿಂದ ಗುಣಿಸಿ. ಹ್ಯಾಂಡಲ್ ಮೇಲಿನ ಸೈಕಲ್ ಕಂಪ್ಯೂಟರ್, ಅಂದರೆ ಹೆಡ್ ಯೂನಿಟ್ ತೋರಿಸುವುದಕ್ಕೂ ಇದಕ್ಕೂ ತಾಳೆಯಾದರೆ ತಪ್ಪು ಟಾರ್ಕ್‌ನಲ್ಲಿದೆ. ಹುಡುಕುವ ಕೆಲಸ ಅರ್ಧ ಮುಗಿಯಿತು.

ಮೀಟರಾ, ಕಾಲಾ?

ಸೈಕಲ್‌ಗೆ ಕೈ ಹಾಕುವ ಮೊದಲು ಇದನ್ನು ತೀರ್ಮಾನಿಸಿ. ಪವರ್ ಕಡಿಮೆ ತೋರಿಸುತ್ತಿದೆ, ಹೃದಯ ಬಡಿತ ಎಂದಿನಂತೆ ಮೇಲಿದೆ, ಕಾಲು ಉರಿಯುತ್ತಿದೆ. ಇದು ಮೀಟರಿನ ತಪ್ಪೂ ಇರಬಹುದು, ನಿದ್ದೆಗೆಟ್ಟ ದೇಹವೂ ಇರಬಹುದು, ಬೇಸಿಗೆಯ ಸೆಖೆಯೂ ಇರಬಹುದು. ಹೃದಯ ಬಡಿತ ಒಂದರಿಂದಲೇ ತೀರ್ಪು ಕೊಡಬೇಡಿ. ಗುರುತ್ವಾಕರ್ಷಣೆಯನ್ನು ಸಾಕ್ಷಿಗೆ ಕರೆಯಿರಿ, ಅದು ದಿನಕ್ಕೊಂದು ಥರ ಇರುವುದಿಲ್ಲ.

ನಂದಿ ಬೆಟ್ಟವೋ, ಚಾಮುಂಡಿ ಬೆಟ್ಟವೋ, ನಿಮ್ಮೂರಿನ ಯಾವುದೋ ಘಾಟಿಯೋ, ಒಂದೇ ಸಮನೆ ಏರುವ ರಸ್ತೆ ಆರಿಸಿಕೊಳ್ಳಿ. ಗಾಳಿ ಇಲ್ಲದ ಬೆಳಗ್ಗೆ ಹೋಗಿ. ನೀವು, ಸೈಕಲ್, ಬಾಟಲಿ, ಹೆಲ್ಮೆಟ್ ಎಲ್ಲ ಸೇರಿ 80 ಕೆಜಿ ಅಂದುಕೊಳ್ಳೋಣ. 5 ಕಿಲೋಮೀಟರ್‌ನಲ್ಲಿ 300 ಮೀಟರ್ ಎತ್ತರವನ್ನು 20 ನಿಮಿಷದಲ್ಲಿ ಹತ್ತಿದಿರಿ. 80 ಗುಣಿಸು 9.81 ಗುಣಿಸು 300, ಅದನ್ನು 1200 ಸೆಕೆಂಡಿನಿಂದ ಭಾಗಿಸಿದರೆ 196 ವ್ಯಾಟ್. ಇದು ಬರೀ ತೂಕವನ್ನು ಮೇಲೆತ್ತಿದ ಲೆಕ್ಕ. ಟೈರ್ ಉರುಳುವ ಘರ್ಷಣೆ, ಗಾಳಿ, ಚೈನ್‌ನಲ್ಲಿ ಕಳೆದುಹೋಗುವುದು ಸೇರಿ ಇನ್ನೊಂದು 35 ವ್ಯಾಟ್ ಆಸುಪಾಸು. ಒಟ್ಟು 230ರ ಸುತ್ತಮುತ್ತ ಬರಬೇಕು.

ಮೀಟರ್ 222 ಅಂದರೆ ಸರಿ, 238 ಅಂದರೂ ತಲೆ ಕೆಡಿಸಿಕೊಳ್ಳಬೇಡಿ. ಈ ಲೆಕ್ಕಕ್ಕೆ ಅದಕ್ಕಿಂತ ಸೂಕ್ಷ್ಮ ಕಣ್ಣಿಲ್ಲ. ಆದರೆ 180 ಅಂದರೆ? 196ಕ್ಕಿಂತ ಕಡಿಮೆ ಪವರ್‌ನಲ್ಲಿ ಆ ಏರನ್ನು ಅಷ್ಟು ಹೊತ್ತಿನಲ್ಲಿ ಹತ್ತಲು ಸಾಧ್ಯವೇ ಇಲ್ಲ. ಅಲ್ಲಿಗೆ ಕಾಲು ಸರಿ ಇದೆ, ಮೀಟರ್ ತಪ್ಪುತ್ತಿದೆ. 230 ಅಂದೂ ನಿಮಗೆ ಸುಸ್ತಾಗಿದ್ದರೆ ಮೀಟರ್ ಬಿಡಿ, ಎರಡು ದಿನ ವಿಶ್ರಾಂತಿ ತಗೊಳ್ಳಿ. ಎತ್ತರದ ಲೆಕ್ಕವನ್ನು ನಕ್ಷೆಯಿಂದ ತೆಗೆದುಕೊಳ್ಳಿ, ಮೊಬೈಲ್ ಜಿಪಿಎಸ್ ಹೇಳುವ ಎತ್ತರ ನೆಚ್ಚಬೇಡಿ.

ಸಂಖ್ಯೆಯೇ ಬರುತ್ತಿಲ್ಲ

ಸೆಲ್ ನೋಡಿ. ಹಳೆಯ ಹಲವು ಮೀಟರ್, ಹಾರ್ಟ್ ರೇಟ್ ಸ್ಟ್ರಾಪ್, ಕೇಡೆನ್ಸ್ ಸೆನ್ಸರ್‌ಗಳಲ್ಲಿ ಇರುವುದು ಸಿಆರ್2032 ಬಟನ್ ಸೆಲ್. ಹೊಸದರಲ್ಲಿ ಮಲ್ಟಿಮೀಟರ್ 3 ವೋಲ್ಟ್‌ಗಿಂತ ಸ್ವಲ್ಪ ಮೇಲೆ ತೋರಿಸುತ್ತದೆ. ಈ ಸೆಲ್ ಸ್ವಲ್ಪ ಸ್ವಲ್ಪವೇ ಇಳಿಯುವುದಿಲ್ಲ. ಬಹುಕಾಲ ಒಂದೇ ಮಟ್ಟದಲ್ಲಿದ್ದು ಕೊನೆಗೆ ದಡಕ್ಕನೆ ಬೀಳುತ್ತದೆ. ಹಾಗಾಗಿ ಆ್ಯಪ್‌ನಲ್ಲಿ ಬ್ಯಾಟರಿ ಚೆನ್ನಾಗಿದೆ ಅಂತ ತೋರಿಸಿದ ಮರುದಿನವೇ ಸೆನ್ಸರ್ ಸುಮ್ಮನಾಗಬಹುದು. ಸುಮ್ನೆ ಹಿಡಿದು ಅಳೆದಾಗ ಸರಿ ಕಂಡು, ಸೆನ್ಸರ್ ಕರೆಂಟ್ ಎಳೆದಾಗ ಕುಸಿಯುವ ಸೆಲ್‌ಗಳೂ ಇವೆ. ಅನುಮಾನ ಇದ್ದರೆ ಅಳೆಯುತ್ತಾ ಕೂರುವ ಬದಲು ಹೊಸದು ಹಾಕಿ ನೋಡುವುದೇ ವಾಸಿ.

ಹೊಸ ಸೆಲ್ ಹಾಕಿದರೂ ಕೆಲಸ ಮಾಡದಿದ್ದರೆ ಇನ್ನೊಂದು ಕಾರಣ ಇರಬಹುದು. ಮಕ್ಕಳು ನುಂಗದಿರಲಿ ಅಂತ ಕೆಲವು ಕಂಪನಿಗಳು ಬಟನ್ ಸೆಲ್‌ಗೆ ಕಹಿ ಲೇಪನ ಕೊಡುತ್ತವೆ. ಆ ಲೇಪನ ಕೆಲವು ಸೆನ್ಸರ್‌ಗಳಲ್ಲಿ ಸಂಪರ್ಕಕ್ಕೆ ಅಡ್ಡ ಬರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ ಹಾಕಿ, ಅಥವಾ ಲೇಪನವಿಲ್ಲದ ಸೆಲ್ ತನ್ನಿ. ಒರೆಸಿದ ಸೆಲ್ ಆಗಲಿ, ತೆಗೆದ ಹಳೆ ಸೆಲ್ ಆಗಲಿ, ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ. ನುಂಗಿದ ಬಟನ್ ಸೆಲ್ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ. ಇದನ್ನು ಹಗುರವಾಗಿ ತಗೊಳ್ಳಬೇಡಿ.

ಸೆಲ್ ಗೂಡಿನೊಳಗೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ನೀರು ಹೋಗಿದೆ ಅಂತ ಅರ್ಥ. ಅದೇ ಆಲ್ಕೊಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿಸಿ, ಸಂಪರ್ಕದ ತಗಡು ಚಪ್ಪಟೆಯಾಗಿದ್ದರೆ ಬಹಳ ಮೆಲ್ಲಗೆ ಮೇಲೆತ್ತಿ. ಒಂದು ಸಲ ಸೆಲ್ ತೆಗೆದ ಮೇಲೆ ಅರ್ಧ ನಿಮಿಷ ಬಿಟ್ಟು ಹಾಕಿ. ಒಳಗಿನ ಸರ್ಕ್ಯೂಟ್ ಪೂರ್ತಿ ಆರಿ ಹೊಸದಾಗಿ ಏಳಲಿ.

ಸೆಲ್ ಸರಿ ಇದ್ದೂ ಹೆಡ್ ಯೂನಿಟ್‌ಗೆ ಸಿಗುತ್ತಿಲ್ಲವಾ? ಕ್ರ್ಯಾಂಕ್ ಕೆಲವು ಸುತ್ತು ತಿರುಗಿಸಿ. ಬಹಳಷ್ಟು ಮೀಟರ್‌ಗಳು ಅಲುಗಾಡದಿದ್ದರೆ ಮಲಗಿರುತ್ತವೆ. ಆಮೇಲೆ ಮೊಬೈಲ್ ನೋಡಿ. ಸೆನ್ಸರ್‌ಗಳು ಬ್ಲೂಟೂತ್‌ನ ಹಾಗೇ ಬಳಸುವ ಇನ್ನೊಂದು ರೇಡಿಯೊ ಭಾಷೆಯಾದ ಆಂಟ್ ಪ್ಲಸ್ (ANT+) ಸಿಗ್ನಲ್ ಎಷ್ಟು ಸಾಧನ ಬೇಕಾದರೂ ಕೇಳಿಸಿಕೊಳ್ಳಬಹುದು. ಬ್ಲೂಟೂತ್ ಹಾಗಲ್ಲ, ಹಳೆಯ ಹಲವು ಸೆನ್ಸರ್‌ಗಳು ಒಂದು ಸಾಧನಕ್ಕೆ ಮಾತ್ರ ಅಂಟಿಕೊಳ್ಳುತ್ತವೆ. ಕೋಣೆಯಲ್ಲಿರುವ ಟ್ಯಾಬ್ಲೆಟ್‌ನ ಆ್ಯಪ್ ಮೀಟರನ್ನು ಹಿಡಿದುಕೊಂಡು ಕೂತಿದ್ದರೆ ಹ್ಯಾಂಡಲ್ ಮೇಲಿನ ಹೆಡ್ ಯೂನಿಟ್ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಎಲ್ಲ ಆ್ಯಪ್ ಮುಚ್ಚಿ, ಮೊಬೈಲ್ ಬ್ಲೂಟೂತ್ ಆಫ್ ಮಾಡಿ, ಮತ್ತೆ ಹುಡುಕಿ. ನಿಮ್ಮ ಹೆಡ್ ಯೂನಿಟ್ ಆಂಟ್ ಪ್ಲಸ್ ಕೇಳುವುದಾದರೆ ಅದರಲ್ಲೇ ಜೋಡಿಸಿ, ಬ್ಲೂಟೂತನ್ನು ಮೊಬೈಲ್‌ಗೆ ಬಿಡಿ.

ರೇಸಿನ ಸ್ಟಾರ್ಟ್ ಲೈನ್‌ನಲ್ಲಿ, ಗ್ರೂಪ್ ರೈಡ್ ಸೇರುವ ಜಾಗದಲ್ಲಿ ಪೇರ್ ಮಾಡಲೇಬೇಡಿ. ಪಕ್ಕದವರ ಮೀಟರ್ ಬಂದು ಕೂರುತ್ತದೆ. ಅವರು ಹಿಂದೆ ಬಿದ್ದಾಗ ನಿಮ್ಮ ಪವರ್ ಮಾಯ. ಮನೆಯಲ್ಲೇ ಪೇರ್ ಮಾಡಿ, ಸೆನ್ಸರ್ ಐಡಿ ಬರೆದಿಡಿ.

ಬಂದು ಬಂದು ಹೋಗುತ್ತದೆ

ರೈಡ್ ಫೈಲ್ ತೆರೆದು ಗ್ರಾಫನ್ನು ಹಿಗ್ಗಿಸಿ ನೋಡಿ. ತುಳಿಯುತ್ತಿದ್ದಾಗಲೇ ಪವರ್ ಮತ್ತು ಕೇಡೆನ್ಸ್ ಎರಡೂ ಒಟ್ಟಿಗೆ ಮಾಯವಾಗಿದ್ದರೆ ಸಿಗ್ನಲ್ ತಪ್ಪಿದೆ. ಕೆಲವು ಸೆಕೆಂಡು ಒಂದೇ ಸಂಖ್ಯೆ ಅಲುಗಾಡದೆ ನಿಂತಿದ್ದರೂ ಅದೇ ಕಥೆ. ಹೊಸ ಮಾಹಿತಿ ಬರದಿದ್ದಾಗ ಹೆಡ್ ಯೂನಿಟ್ ಹಳೆಯದನ್ನೇ ಸ್ವಲ್ಪ ಹೊತ್ತು ತೋರಿಸುತ್ತದೆ. ಸಿಗ್ನಲ್ ಬರುತ್ತಲೇ ಇದ್ದು ಕೇಡೆನ್ಸ್ ಸೊನ್ನೆಯಾಗಿ, ಅದರ ಜೊತೆ ಪವರ್ ಬಿದ್ದಿದ್ದರೆ ಕೇಡೆನ್ಸ್ ಅಳೆಯುವ ಭಾಗದ ಮೇಲೆ ಅನುಮಾನ ಪಡಿ. ಮ್ಯಾಗ್ನೆಟ್ ಇರುವ ಮೀಟರ್ ಆದರೆ ಅದು ಸರಿದಿದೆಯಾ, ಬಿದ್ದಿದೆಯಾ ನೋಡಿ. ಕೆಟ್ಟ ರಸ್ತೆಯಲ್ಲಿ 2000 ವ್ಯಾಟ್ ಮುಟ್ಟುವ ಚೂಪು ಶಿಖರಗಳು ಕಂಡರೆ ಸೆಲ್ ಗೂಡು ಸಡಿಲವಾಗಿದೆ, ಇಲ್ಲವೇ ಒಳಗೆ ತೇವ ಹೋಗಿದೆ.

ಆಂಟ್ ಪ್ಲಸ್, ಬ್ಲೂಟೂತ್, ಮನೆಯ ವೈಫೈ ಎಲ್ಲವೂ 2.4 ಗಿಗಾಹರ್ಟ್ಸ್ ಸುತ್ತಲೇ ಓಡಾಡುತ್ತವೆ. ಆ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ. ನಮ್ಮ ಮೈ ಬಹುಪಾಲು ನೀರೇ ಅಲ್ವಾ? ಹಾಗಾಗಿ ಜೆರ್ಸಿಯ ಹಿಂದಿನ ಜೇಬಿನಲ್ಲಿ ಮೊಬೈಲ್ ಇಟ್ಟು ಅದರಲ್ಲೇ ರೆಕಾರ್ಡ್ ಮಾಡುವವರಿಗೆ ಸಿಗ್ನಲ್ ಹೆಚ್ಚು ತಪ್ಪುತ್ತದೆ. ಮೊಬೈಲ್ ಹ್ಯಾಂಡಲ್ ಮೇಲೆ ಬರಲಿ. ಹ್ಯಾಂಡಲ್ ಮೇಲೆ ಆ್ಯಕ್ಷನ್ ಕ್ಯಾಮೆರಾ ಇದ್ದರೆ ಅದರ ವೈಫೈ ಆಫ್ ಮಾಡಿ ಒಂದು ರೈಡ್ ನೋಡಿ.

ಮನೆಯೊಳಗೆ ಟ್ರೈನರ್ (ಸೈಕಲನ್ನು ನಿಂತಲ್ಲೇ ತುಳಿಯಲು ಬಿಡುವ ಸಾಧನ) ಮೇಲೆ ತುಳಿಯುವವರು ಲ್ಯಾಪ್‌ಟಾಪ್‌ನ ಯುಎಸ್‌ಬಿ 3 ಪೋರ್ಟ್ ಮೇಲೆ ಕಣ್ಣಿಡಿ. ಅದರ ವಿದ್ಯುತ್ ಗದ್ದಲ ಇದೇ ತರಂಗಾಂತರದಲ್ಲಿ ಬರುತ್ತದೆ. ಆಂಟ್ ಪ್ಲಸ್ ಸಿಗ್ನಲ್ ಹಿಡಿಯುವ ಯುಎಸ್‌ಬಿ ಕಡ್ಡಿಯನ್ನು ನೇರ ಪೋರ್ಟಿಗೆ ಚುಚ್ಚದೆ, ಉದ್ದನೆಯ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಕ್ರ್ಯಾಂಕ್ ಹತ್ತಿರ ತಂದಿಡಿ. ನಾನು ನೋಡಿದ ಮಟ್ಟಿಗೆ ಒಳಾಂಗಣದಲ್ಲಿ ಸಿಗ್ನಲ್ ತಪ್ಪುವ ದೂರುಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ನಿಲ್ಲುತ್ತವೆ.

ಸೊನ್ನೆ ಸರಿಯಿಲ್ಲದಿದ್ದರೆ ಯಾವುದೂ ಸರಿಯಿಲ್ಲ

ಅಂಗಡಿಯವರು ತೂಗುವ ಮೊದಲು ತಕ್ಕಡಿಯ ಮುಳ್ಳು ನಡುವೆ ನಿಂತಿದೆಯಾ ನೋಡುತ್ತಾರೆ. ಝೀರೋ ಆಫ್‌ಸೆಟ್ ಮಾಡುವುದೂ ಅದೇ. ಕಾಲಿನ ಭಾರ ಇಲ್ಲದಾಗ ಇಷ್ಟು ಸಿಗ್ನಲ್ ಬರುತ್ತಿದೆ, ಇದನ್ನೇ ಸೊನ್ನೆ ಅಂತ ತಿಳಿದುಕೋ ಅಂತ ಮೀಟರ್‌ಗೆ ಹೇಳಿಕೊಡುವ ಕೆಲಸ. ಹೆಡ್ ಯೂನಿಟ್‌ಗಳು ಇದನ್ನು ಕ್ಯಾಲಿಬ್ರೇಟ್ ಅಂತ ಕರೆಯುತ್ತವೆ. ಆದರೆ ಇದರಿಂದ ಸರಿಯಾಗುವುದು ಸೊನ್ನೆ ಮಾತ್ರ. ಒಂದು ಕೆಜಿ ಒತ್ತಡಕ್ಕೆ ಎಷ್ಟು ಏರಬೇಕು ಅನ್ನುವ ಅಳತೆ ಫ್ಯಾಕ್ಟರಿಯಲ್ಲಿ ಇಟ್ಟ ಹಾಗೇ ಇರುತ್ತದೆ.

ಎರಡು ಥರದ ತಪ್ಪುಗಳನ್ನು ಹೀಗೆ ಬೇರೆ ಮಾಡಿ. ಸೊನ್ನೆ 1 ನ್ಯೂಟನ್ ಮೀಟರ್ ಸರಿದಿದ್ದರೆ 90 ಕೇಡೆನ್ಸ್‌ನಲ್ಲಿ ಸುಮಾರು 9.4 ವ್ಯಾಟ್ ತಪ್ಪು ಬರುತ್ತದೆ. ನೀವು 100 ವ್ಯಾಟ್ ತುಳಿಯುತ್ತಿದ್ದರೂ ಅಷ್ಟೇ, 300 ತುಳಿಯುತ್ತಿದ್ದರೂ ಅಷ್ಟೇ. ಎಡಗಾಲನ್ನು ಮಾತ್ರ ಅಳೆದು ಎರಡರಿಂದ ಗುಣಿಸುವ ಮೀಟರ್ ಆದರೆ ತಪ್ಪೂ ಎರಡರಷ್ಟು, ಸುಮಾರು 19 ವ್ಯಾಟ್. ಅಳತೆ ಅಥವಾ ಸೆಟ್ಟಿಂಗ್ ತಪ್ಪಿದ್ದರೆ ಪರ್ಸೆಂಟ್ ಲೆಕ್ಕದಲ್ಲಿ ತಪ್ಪುತ್ತದೆ. 100ರಲ್ಲಿ 3, 300ರಲ್ಲಿ 9. ಆದ್ದರಿಂದ ಮೆಲ್ಲಗೆ ತುಳಿದಾಗಲೇ ವ್ಯತ್ಯಾಸ ಎದ್ದು ಕಂಡರೆ ಸೊನ್ನೆ ನೋಡಿ. ಜೋರಾಗಿ ತುಳಿದಷ್ಟೂ ವ್ಯತ್ಯಾಸ ಬೆಳೆದರೆ ಸೊನ್ನೆ ಬಿಟ್ಟು ಮುಂದಿನ ಭಾಗಕ್ಕೆ ಹೋಗಿ.

ಸೊನ್ನೆ ಮಾಡುವ ಕ್ರಮ ಸರಳ, ಆದರೆ ಅವಸರ ಕೂಡದು. ಸೈಕಲ್ ನೆಟ್ಟಗೆ ನಿಲ್ಲಿಸಿ. ಎರಡೂ ಕಾಲು ಪೆಡಲ್‌ನಿಂದ ತೆಗೆಯಿರಿ. ಕ್ರ್ಯಾಂಕ್ ಯಾವ ಕೋನದಲ್ಲಿರಬೇಕು ಅಂತ ನಿಮ್ಮ ಮೀಟರ್‌ನ ಕೈಪಿಡಿ ಹೇಳುತ್ತದೆ. ಎಡ ಕ್ರ್ಯಾಂಕ್ ತೋಳಿನಲ್ಲಿ ಕೂರುವ ಮೀಟರ್‌ಗಳಲ್ಲಿ ಸಾಮಾನ್ಯವಾಗಿ ತೋಳು ನೇರ ಕೆಳಗೆ ಇರಬೇಕು. ಬಂದ ಸಂಖ್ಯೆಯನ್ನು, ಆ ದಿನದ ತಾಪಮಾನದ ಜೊತೆ, ಮೊಬೈಲ್‌ನಲ್ಲಿ ಬರೆದಿಡಿ. ಈ ಡೈರಿಯೇ ನಿಮ್ಮ ಅತಿ ದೊಡ್ಡ ಸಲಕರಣೆ. ಸಂಖ್ಯೆ ಎಷ್ಟು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಅದಕ್ಕೆ ಮಹತ್ವ ಇಲ್ಲ. ದಿನದಿಂದ ದಿನಕ್ಕೆ ಅದು ಎಷ್ಟು ಓಡಾಡುತ್ತದೆ ಅನ್ನುವುದನ್ನು ನೋಡಿ. ವಾರಗಟ್ಟಲೆ 880ರಿಂದ 890ರೊಳಗೆ ಇದ್ದದ್ದು ಒಂದು ದಿನ 935, ಮರುದಿನ ಅದೇ ಹವೆಯಲ್ಲಿ 850 ಅಂದರೆ ಏನೋ ಸಡಿಲವಾಗಿದೆ, ಅಥವಾ ಗೇಜ್ ಬಿಡುತ್ತಿದೆ.

ತಾಪಮಾನದ ವಿಷಯದಲ್ಲಿ ನಮ್ಮವರು ತಪ್ಪುವುದು ಒಂದೇ ಜಾಗದಲ್ಲಿ. ಸೈಕಲನ್ನು ಎಸಿ ಕಾರಿನಲ್ಲಿ ನಂದಿ ಬೆಟ್ಟದ ಬುಡಕ್ಕೆ ಒಯ್ಯುತ್ತಾರೆ. ಇಳಿಸಿದ ತಕ್ಷಣ ಸೊನ್ನೆ ಮಾಡಿ ಹೊರಡುತ್ತಾರೆ. ಲೋಹ ಹೊರಗಿನ ಹವೆಗೆ ಬರುವ ಹೊತ್ತಿಗೆ ಆ ಸೊನ್ನೆ ಹಳಸಿರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಸೈಕಲ್‌ಗೂ ಇದೇ ಮಾತು. ತಾಪಮಾನಕ್ಕೆ ತಾನೇ ಹೊಂದಿಕೊಳ್ಳುವ ಮೀಟರ್ ಇದ್ದರೂ, ನೆರಳಲ್ಲಿ 10–15 ನಿಮಿಷ ಬಿಟ್ಟು ಸೊನ್ನೆ ಮಾಡಿ. ಹೊರಟು ಕಾಲು ಗಂಟೆ ತುಳಿದ ಮೇಲೆ ನಿಂತು ಇನ್ನೊಮ್ಮೆ ಮಾಡಿದರೆ ಇನ್ನೂ ಒಳ್ಳೆಯದು.

ತಾನೇ ಸೊನ್ನೆ ಮಾಡಿಕೊಳ್ಳುವ ಆಟೋ ಝೀರೋ ಇರುವ ಮೀಟರ್‌ಗಳೂ ಇವೆ. ಒಳ್ಳೆಯ ಸೌಲಭ್ಯ. ಆದರೆ ಸೊನ್ನೆ ರೈಡ್ ನಡುವೆ ಹಾರುತ್ತಿದೆ ಅಂತ ಅನುಮಾನ ಬಂದರೆ, ಪರೀಕ್ಷೆ ಮುಗಿಯುವವರೆಗೆ ಅದನ್ನು ಆಫ್ ಮಾಡಿ. ಪೆಡಲ್ ಮೇಲೆ ಕಾಲಿನ ಭಾರ ಇದ್ದಾಗ ಅದು ಸೊನ್ನೆ ತೆಗೆದುಕೊಂಡರೆ ಮುಂದಿನ ಲೆಕ್ಕವೆಲ್ಲ ವಾಲುತ್ತದೆ.

ಸೆಟ್ಟಿಂಗ್

ಪೆಡಲ್ ಮೀಟರ್‌ಗೆ ಕ್ರ್ಯಾಂಕ್ ಉದ್ದ ನೀವೇ ಹೇಳಬೇಕು. ನಿಜವಾದ ಉದ್ದ 170 ಮಿಲಿಮೀಟರ್ ಇದ್ದು 175 ಅಂತ ಇಟ್ಟಿದ್ದರೆ ಸುಮಾರು ಶೇ 3 ಜಾಸ್ತಿ ತೋರಿಸುತ್ತದೆ. 165ರ ಕ್ರ್ಯಾಂಕ್‌ಗೆ 172.5 ಅಂತ ಇದ್ದರೆ 200 ವ್ಯಾಟ್ ಹೋಗಿ 209 ಆಗುತ್ತದೆ. ಸೆನ್ಸರ್ ಅಳಿಸಿ ಮತ್ತೆ ಪೇರ್ ಮಾಡಿದಾಗ, ಹೊಸ ಹೆಡ್ ಯೂನಿಟ್ ಕೊಂಡಾಗ, ಈ ಸಂಖ್ಯೆ ಸದ್ದಿಲ್ಲದೆ 172.5ಕ್ಕೆ ಮರಳಿರಬಹುದು. ಪವರ್ ಏಕಾಏಕಿ ಕೆಲವು ಪರ್ಸೆಂಟ್ ಬದಲಾಗಿ ಅಲ್ಲೇ ನಿಂತಿದ್ದರೆ ಮೊದಲು ಇದನ್ನೇ ನೋಡಿ. ಉದ್ದ ಕ್ರ್ಯಾಂಕ್ ತೋಳಿನ ಒಳಬದಿಯಲ್ಲಿ ಅಚ್ಚಾಗಿರುತ್ತದೆ. ಇಡೀ ಅಳತೆಯನ್ನು ಪರ್ಸೆಂಟ್ ಲೆಕ್ಕದಲ್ಲಿ ಏರಿಸಿ ಇಳಿಸುವ ಸ್ಕೇಲ್ ಅಥವಾ ಸ್ಲೋಪ್ ಅನ್ನುವ ಸೆಟ್ಟಿಂಗ್ ಇದ್ದರೆ ಅದು ಶೇ 100ರಲ್ಲೇ ಇದೆಯಾ ನೋಡಿ.

ಎರಡೂ ಕಡೆ ಅಳೆಯುವ ಕೆಲವು ಪೆಡಲ್‌ಗಳು ಬ್ಲೂಟೂತ್‌ನಲ್ಲಿ ಎಡ, ಬಲ ಅಂತ ಎರಡು ಸೆನ್ಸರ್ ಆಗಿ ಕಾಣಿಸುತ್ತವೆ. ಆ್ಯಪ್ ಒಂದನ್ನು ಮಾತ್ರ ಹಿಡಿದಿದ್ದರೆ ಪವರ್ ಅರ್ಧ ಕಾಣಿಸಬಹುದು. ಸರಿಯಾಗಿ ಅರ್ಧ ಅಥವಾ ಸರಿಯಾಗಿ ಎರಡರಷ್ಟು ಕಂಡರೆ ಗಾಬರಿ ಬೇಡ, ಅದು ಯಾವಾಗಲೂ ಸೆಟ್ಟಿಂಗ್‌ನ ತಪ್ಪು, ಇಲ್ಲವೇ ಒಂದು ಪೆಡಲ್ ಮಲಗಿದೆ.

ದೋಷ ಅಲ್ಲದ್ದನ್ನು ದೋಷ ಅಂದುಕೊಳ್ಳುವುದೂ ಇದೆ. ನಿಮ್ಮ ಎಡಗಾಲು ಒಟ್ಟು ಶಕ್ತಿಯ ಶೇ 48 ಮಾತ್ರ ಕೊಡುತ್ತಿದ್ದರೆ ಎಡ ಮೀಟರ್ 200ರ ಜಾಗದಲ್ಲಿ 192 ತೋರಿಸುತ್ತದೆ. ದಣಿದಾಗ ಆ ಪಾಲು ಬದಲಾಗಬಹುದು. ಅದಕ್ಕೆ ರಿಪೇರಿ ಇಲ್ಲ. ಮೊಟ್ಟೆಯಾಕಾರದ ಚೈನ್‌ರಿಂಗ್ (ಕ್ರ್ಯಾಂಕ್ ಬಳಿಯ ಹಲ್ಲುಚಕ್ರ) ಹಾಕಿದವರಿಗೂ ಒಂದು ಮಾತು. ಸುತ್ತಿಡೀ ಕಾಲು ಒಂದೇ ವೇಗದಲ್ಲಿ ತಿರುಗುತ್ತದೆ ಅಂತ ನಂಬಿ ಲೆಕ್ಕ ಹಾಕುವ ಮೀಟರ್‌ಗಳು ಅದರ ಮೇಲೆ ಕೆಲವು ಪರ್ಸೆಂಟ್ ಜಾಸ್ತಿ ತೋರಿಸುತ್ತವೆ.

ನಟ್ಟು, ಬೋಲ್ಟು, ಬೇರಿಂಗ್

ಪೆಡಲ್ ಮೀಟರ್ ಹೊಸದಾಗಿ ಹಾಕಿದ ಮೇಲೆ ಅದು ಕ್ರ್ಯಾಂಕ್‌ಗೆ ಪೂರ್ತಿ ಕೂರಲು ಸ್ವಲ್ಪ ಹೊತ್ತು ಬೇಕು. ಹೇಳಿದಷ್ಟು ಬಿಗಿ ಮಾಡಿ, ರಸ್ತೆಯಲ್ಲಿ ನಾಲ್ಕೈದು ಸಲ ಎದ್ದು ನಿಂತು ಜೋರಾಗಿ ತುಳಿದು, ಮತ್ತೆ ಸೊನ್ನೆ ಮಾಡಿ. ಎರಡು ಸೈಕಲ್ ನಡುವೆ ಪೆಡಲ್ ಬದಲಾಯಿಸುವವರು ಪ್ರತಿ ಸಲವೂ ಮಾಡಬೇಕು. ಎಡ ಪೆಡಲ್‌ನ ಥ್ರೆಡ್ ಉಲ್ಟಾ ಅನ್ನುವುದು ನೆನಪಿರಲಿ. ಸೆನ್ಸರ್ ಭಾಗ ಕ್ರ್ಯಾಂಕ್ ತೋಳಿಗೆ ತಗುಲುತ್ತಿದ್ದರೆ ನಡುವೆ ವಾಷರ್ ಹಾಕಿ. ತಗುಲುತ್ತಾ ಇರುವ ಸೆನ್ಸರ್ ಸರಿಯಾಗಿ ಅಳೆಯಲಾರದು. ಪೆಡಲ್ ಹಿಡಿದು ಅಲುಗಾಡಿಸಿದಾಗ ಆಟ ಕಂಡರೆ ಬೇರಿಂಗ್ ಸವೆದಿದೆ.

ಎಡ ಕ್ರ್ಯಾಂಕ್ ಮೀಟರ್ ಆದರೆ ತೋಳಿನ ಎರಡು ಕ್ಲ್ಯಾಂಪ್ ಬೋಲ್ಟ್ ನೋಡಿ. ಶಿಮಾನೊ ಹಾಲೊಟೆಕ್ 2 ಕ್ರ್ಯಾಂಕ್‌ಗಳಲ್ಲಿ ಅವು 12ರಿಂದ 14 ನ್ಯೂಟನ್ ಮೀಟರ್ ಬಿಗಿ ಇರಬೇಕು. ಎರಡನ್ನೂ ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೆ ಒಂದರಂತೆ ಬಿಗಿ ಮಾಡಿ. ಕೈ ಅಂದಾಜು ಬೇಡ, ಟಾರ್ಕ್ ರೆಂಚ್ ಬಳಸಿ. ಸೆನ್ಸರ್ ಡಬ್ಬಿ ಫ್ರೇಮ್‌ಗೆ ಉಜ್ಜುತ್ತಿಲ್ಲ ಅಂತಲೂ ಖಾತ್ರಿ ಮಾಡಿಕೊಳ್ಳಿ. ಸ್ಪೈಡರ್ (ಕ್ರ್ಯಾಂಕ್‌ಗೂ ಚೈನ್‌ರಿಂಗ್‌ಗೂ ನಡುವಿನ ಭಾಗ) ಮೀಟರ್ ಆದರೆ ಚೈನ್‌ರಿಂಗ್ ಬೋಲ್ಟ್‌ಗಳನ್ನು ನೋಡಿ. ಅವುಗಳಲ್ಲಿ ಒಂದು ಸಡಿಲವಾದರೂ ಸ್ಪೈಡರ್ ಬಾಗುವ ರೀತಿ ಬದಲಾಗುತ್ತದೆ. ಹೊಸ ಚೈನ್‌ರಿಂಗ್ ಹಾಕಿಸಿದ ಮೇಲೆ ಪವರ್ ಬದಲಾಗಿದ್ದರೆ ಕಾರಣ ಅಲ್ಲೇ ಇರುತ್ತದೆ.

ಎಡ–ಬಲ ಪಾಲು ಒಳ್ಳೆಯ ಸುಳಿವು ಕೊಡುತ್ತದೆ. ಯಾವಾಗಲೂ 50–50 ಆಸುಪಾಸು ಇದ್ದದ್ದು ಒಂದೇ ರೈಡ್‌ನಲ್ಲಿ 60–40 ಆಗಿ, ನಿಮಗೆ ಕಾಲಿನಲ್ಲಿ ಯಾವ ನೋವೂ ಇಲ್ಲದಿದ್ದರೆ ಒಂದು ಕಡೆ ಏನೋ ಸಡಿಲವಾಗಿದೆ.

ತೂಕ ಕಟ್ಟಿ ನೋಡುವುದು

ಇಲ್ಲಿಯವರೆಗೂ ಏನೂ ಸಿಗದಿದ್ದರೆ ಈ ಪರೀಕ್ಷೆ ಮಾಡಿ. ಅಳತೆಯೇ ತಪ್ಪಿದೆಯಾ ಅನ್ನುವುದು ಇದರಿಂದ ತಿಳಿಯುತ್ತದೆ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒಂದು ಚೀಲವನ್ನು ಕಟ್ಟುವ ಹಗ್ಗದ ಸಮೇತ ಸರಿಯಾಗಿ 20 ಕೆಜಿ ಮಾಡಿಸಿಕೊಂಡು ಬನ್ನಿ. ಜಿಮ್ ಪ್ಲೇಟ್ ಮೇಲೆ ಬರೆದ ತೂಕ ನಂಬಬೇಡಿ, ಅದನ್ನೂ ತೂಗಿಸಿ. ಸೈಕಲನ್ನು ಅಲುಗಾಡದಂತೆ ನಿಲ್ಲಿಸಿ, ಹಿಂದಿನ ಬ್ರೇಕ್ ಬಿಗಿಯಾಗಿ ಕಟ್ಟಿ. ಮೊದಲು ಸೊನ್ನೆ ಮಾಡಿ. ಆಮೇಲೆ ಕ್ರ್ಯಾಂಕ್ ತೋಳನ್ನು ಮುಂದಕ್ಕೆ, ನೆಲಕ್ಕೆ ಸಮಾನಾಂತರವಾಗಿ ತಂದು, ಪೆಡಲ್‌ನ ನಡುವೆ ಚೀಲ ತೂಗುಹಾಕಿ. ಆ್ಯಪ್‌ನಲ್ಲಿ ಟಾರ್ಕ್ ಓದಿ.

172.5 ಮಿಲಿಮೀಟರ್ ಕ್ರ್ಯಾಂಕ್‌ಗೆ 20 ಗುಣಿಸು 9.81 ಗುಣಿಸು 0.1725, ಅಂದರೆ 33.8 ನ್ಯೂಟನ್ ಮೀಟರ್ ಬರಬೇಕು. 170ಕ್ಕೆ 33.4. ಎಡ ಮೀಟರ್‌ಗಳಲ್ಲಿ ಎರಡರಷ್ಟು ತೋರಿಸಬಹುದು, ಗಮನಿಸಿ. ಮೂರು ಸಲ ಕಟ್ಟಿ ಬಿಚ್ಚಿ ಓದಿ. ಮೂರೂ ಸಲ ಒಂದೇ ಬಂದು, ಶೇ 2ರೊಳಗೆ ಇದ್ದರೆ ಮೀಟರ್ ಚೆನ್ನಾಗಿದೆ. ಮೂರೂ ಸಲ ಒಂದೇ ಥರ ಶೇ 5 ತಪ್ಪಿದರೆ ಸ್ಲೋಪ್ ತಿದ್ದಬಹುದು, ಕೆಲವು ಕಂಪನಿಗಳು ಅದಕ್ಕೆ ಆ್ಯಪ್‌ನಲ್ಲೇ ಅವಕಾಶ ಕೊಟ್ಟಿವೆ. ಮೂರು ಸಲ ಮೂರು ಥರ ಬಂದರೆ ತಿದ್ದಲು ಹೋಗಬೇಡಿ. ಅದು ಗೇಜ್‌ನ ಅಂಟು ಬಿಟ್ಟಿರುವ, ಅಥವಾ ಒಳಗೆ ನೀರು ಹೋಗಿರುವ ಲಕ್ಷಣ. ಮನೆಯಲ್ಲಿ ಅದಕ್ಕೆ ಔಷಧ ಇಲ್ಲ.

ಟ್ರೈನರ್ ಒಂದು, ಪೆಡಲ್ ಒಂದು ಹೇಳಿದರೆ

ಸ್ಮಾರ್ಟ್ ಟ್ರೈನರ್ ಅಳೆಯುವುದು ಚೈನ್ ದಾಟಿ ಬಂದ ಶಕ್ತಿಯನ್ನು. ಚೈನ್, ಗೇರುಗಳಲ್ಲಿ ಶೇ 2ರಿಂದ 4 ಕಳೆಯುತ್ತದೆ. ಆದ್ದರಿಂದ ಪೆಡಲ್ 200 ಅಂದಾಗ ಟ್ರೈನರ್ 192–196 ಅನ್ನುವುದು ಆರೋಗ್ಯದ ಲಕ್ಷಣ. ಟ್ರೈನರ್ ಪೆಡಲ್‌ಗಿಂತ ಜಾಸ್ತಿ ತೋರಿಸಿದರೆ ಎರಡರಲ್ಲಿ ಒಂದು ಖಂಡಿತ ತಪ್ಪು. 15 ನಿಮಿಷ ತುಳಿದು ಟ್ರೈನರ್ ಬಿಸಿಯಾದ ಮೇಲೆ ಸ್ಪಿನ್‌ಡೌನ್ (ವೇಗ ಏರಿಸಿ ತಾನಾಗಿ ನಿಲ್ಲಲು ಬಿಟ್ಟು ಟ್ರೈನರನ್ನು ಸರಿಹೊಂದಿಸುವುದು) ಮಾಡಿ ನೋಡಿ. ಟೈರ್ ಒತ್ತುವ ಹಳೆ ಮಾದರಿಯಾದರೆ ಪ್ರತಿ ಸಲ ಒಂದೇ ಗಾಳಿ, ಒಂದೇ ಒತ್ತಡ ಇರಬೇಕು. ಟ್ರೈನರ್ ತಾನೇ ಪ್ರತಿರೋಧ ಹೊಂದಿಸಿ ನೀವು ಹೇಳಿದಷ್ಟೇ ಪವರ್ ಹಿಡಿಯುವ ಎರ್ಗ್ ಮೋಡ್‌ನಲ್ಲಿ ಟ್ರೈನರ್‌ನ ಗೆರೆ ತೀರಾ ನೇರ ಕಂಡರೆ ಮೋಸ ಹೋಗಬೇಡಿ. ಅದು ನಯ ಮಾಡಿ ತೋರಿಸಿದ ಗೆರೆ. ಹೋಲಿಸುವಾಗ ಎರಡು ಬೇರೆ ಸಾಧನಗಳಲ್ಲಿ ರೆಕಾರ್ಡ್ ಮಾಡಿ, 5 ನಿಮಿಷದ ಸರಾಸರಿಗಳನ್ನು ಪಕ್ಕಪಕ್ಕ ಇಡಿ. ಕ್ಷಣಕ್ಷಣದ ಸಂಖ್ಯೆ ಹೋಲಿಸಿ ಪ್ರಯೋಜನವಿಲ್ಲ.

ಹೃದಯ ಬಡಿತ, ವೇಗ

ಎದೆಯ ಸ್ಟ್ರಾಪ್ ರೈಡ್‌ನ ಮೊದಲ ಹತ್ತು ನಿಮಿಷ ಅಡ್ಡಾದಿಡ್ಡಿ ತೋರಿಸಿ ಆಮೇಲೆ ಸರಿಯಾದರೆ ಅದು ಒಣ ಎಲೆಕ್ಟ್ರೋಡ್. ಹಾಕುವ ಮೊದಲು ನೀರು ಹಚ್ಚಿ. ಉತ್ತರ ಕರ್ನಾಟಕದ ಒಣ ಹವೆಯಲ್ಲಿ ಜೆರ್ಸಿ ಪಟಪಟ ಬಡಿದು ಹುಟ್ಟುವ ಸ್ಥಿರ ವಿದ್ಯುತ್ತೂ ಇದೇ ಆಟ ಆಡಿಸುತ್ತದೆ. ಪ್ರತಿ ರೈಡ್ ಆದ ಮೇಲೆ ಸ್ಟ್ರಾಪ್ ತೊಳೆಯಿರಿ, ಸೆನ್ಸರನ್ನು ಸ್ಟ್ರಾಪ್‌ನಿಂದ ಬಿಡಿಸಿಡಿ. ಕೈಗಡಿಯಾರದ ಬಡಿತ ಮತ್ತು ಕೇಡೆನ್ಸ್ ಒಂದೇ ಸಂಖ್ಯೆಯಲ್ಲಿ ಜೊತೆಜೊತೆಗೆ ಸಾಗುತ್ತಿದ್ದರೆ ಗಡಿಯಾರ ಬಡಿತದ ಬದಲು ಅಲುಗಾಟವನ್ನು ಎಣಿಸುತ್ತಿದೆ. ವೇಗ ತಪ್ಪಿದ್ದರೆ ಚಕ್ರದ ಸುತ್ತಳತೆ ನೋಡಿ. 700×25 ಟೈರ್‌ಗೆ ಸುಮಾರು 2105 ಮಿಲಿಮೀಟರ್, 28ಕ್ಕೆ 2136.

ಮಳೆ, ಬೆವರು, ಪ್ರೆಷರ್ ವಾಶ್

ಕರಾವಳಿಯ ಮಳೆ ಮತ್ತು ಉಪ್ಪುಗಾಳಿ ಸೆಲ್ ಮುಚ್ಚಳಗಳ ಶತ್ರು. ಪ್ರತಿ ಸಲ ಸೆಲ್ ಬದಲಾಯಿಸುವಾಗ ಓ-ರಿಂಗ್ ಬೆರಳಲ್ಲಿ ಸವರಿ ನೋಡಿ. ಬಿರುಕಿದ್ದರೆ, ಚಪ್ಪಟೆಯಾಗಿದ್ದರೆ ಹೊಸದು ಹಾಕಿ. ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ ಮುಚ್ಚಿ. ನೆನೆದ ರೈಡ್ ಆದ ಮೇಲೆ ಮುಚ್ಚಳ ತೆಗೆದು ಫ್ಯಾನ್ ಗಾಳಿಯಲ್ಲಿ ರಾತ್ರಿಯಿಡೀ ಒಣಗಲು ಬಿಡಿ. ವಾಟರ್ ಸರ್ವಿಸ್ ಅಂಗಡಿಯ ಪೈಪನ್ನು ಕ್ರ್ಯಾಂಕ್ ಕಡೆಗೆ ತಿರುಗಿಸಲು ಬಿಡಬೇಡಿ. ಟ್ರೈನರ್ ಮೇಲಿನ ಬೆವರು ಮಳೆಗಿಂತ ಕೆಟ್ಟದು, ಅದರಲ್ಲಿ ಉಪ್ಪಿದೆ. ಚಾರ್ಜ್ ಮಾಡುವ ಪೆಡಲ್‌ಗಳ ಪಿನ್‌ಗಳನ್ನು ಒರೆಸಿದ ಮೇಲೇ ಕೇಬಲ್ ಹಚ್ಚಿ.

ಸರ್ವಿಸ್‌ಗೆ ಕಳಿಸುವ ಮೊದಲು

ಸೊನ್ನೆ ದಿನಾ ಹಾರುತ್ತಿದ್ದರೆ, ತೂಕದ ಪರೀಕ್ಷೆ ಸಲಕ್ಕೊಂದು ಉತ್ತರ ಕೊಟ್ಟರೆ, ಹೊಸ ಸೆಲ್ ಕೆಲವೇ ದಿನಗಳಲ್ಲಿ ಖಾಲಿಯಾದರೆ, ಮನೆಯಲ್ಲಿ ಮಾಡುವುದು ಮುಗಿಯಿತು. ಕಂಪನಿಗೆ ಬರೆಯುವಾಗ 'ಪವರ್ ಸರಿ ಬರುತ್ತಿಲ್ಲ' ಅಂತ ಒಂದೇ ಸಾಲು ಬರೆದರೆ, ಅವರು ಸೆಲ್ ಬದಲಾಯಿಸಿ ನೋಡಿ ಅಂತ ಒಂದೇ ಸಾಲಿನ ಉತ್ತರ ಕೊಡುತ್ತಾರೆ. ಸೀರಿಯಲ್ ಸಂಖ್ಯೆ, ಫರ್ಮ್‌ವೇರ್ ಆವೃತ್ತಿ, ಖರೀದಿ ಬಿಲ್, ಸೊನ್ನೆಯ ಡೈರಿ, ತೂಕದ ಮೂರು ಓದುಗಳು, ತಪ್ಪು ಕಂಡ ರೈಡ್‌ನ ಮೂಲ ಫೈಲ್ ಎಲ್ಲವನ್ನೂ ಒಂದೇ ಮೇಲ್‌ನಲ್ಲಿ ಹಾಕಿ. ಮೀಟರನ್ನು ಹೊರದೇಶದಿಂದ ತರಿಸಿದ್ದರೆ ಭಾರತದಲ್ಲಿ ವಾರಂಟಿ ನಡೆಯುತ್ತದಾ, ಕಳಿಸುವ ಖರ್ಚು ಯಾರದು ಅಂತ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ. ಗೇಜ್ ಇರುವ ಭಾಗವನ್ನು ನೀವಾಗಿ ಬಿಚ್ಚಬೇಡಿ, ಸ್ಥಳೀಯ ಮೆಕ್ಯಾನಿಕ್ ಕೈಯಿಂದಲೂ ಬಿಚ್ಚಿಸಬೇಡಿ.

ಬದಲಿ ಮೀಟರ್ ಬಂದರೆ ಅದರ ಐಡಿ ಬೇರೆ ಇರುತ್ತದೆ. ಹಳೆಯದನ್ನು ಹೆಡ್ ಯೂನಿಟ್‌ನಿಂದ ಅಳಿಸಿ, ಹೊಸದನ್ನು ಪೇರ್ ಮಾಡಿ, ಕ್ರ್ಯಾಂಕ್ ಉದ್ದ ನೋಡಿ, ಮೊದಲ ದಿನವೇ ಅದೇ 20 ಕೆಜಿ ಚೀಲ ತೂಗುಹಾಕಿ ಓದು ಬರೆದಿಡಿ. ಎರಡು ಮೀಟರ್‌ಗಳ ನಡುವೆ ಶೇ 2–3 ವ್ಯತ್ಯಾಸ ಸಹಜ. ಹಾಗಾಗಿ ಹಳೆ ಮೀಟರ್‌ನಲ್ಲಿ ಕಂಡುಕೊಂಡ ಎಫ್‌ಟಿಪಿಯನ್ನೇ (ಸುಮಾರು ಒಂದು ಗಂಟೆ ಹಿಡಿದಿಡಬಲ್ಲ ಗರಿಷ್ಠ ಸರಾಸರಿ ಪವರ್) ಇಟ್ಟುಕೊಂಡು ಇಂಟರ್ವಲ್ ಮಾಡಬೇಡಿ, ಹೊಸದರ ಮೇಲೆ ಇನ್ನೊಮ್ಮೆ ಟೆಸ್ಟ್ ಮಾಡಿ.